12 ಕಾಲಂ ಗ್ರಿಡ್ ಹಾಕಿದೆ, ಕನ್ನಡ ಅದರೊಳಗೆ ಕೂರುತ್ತಿಲ್ಲ. ಗ್ರಿಡ್ ನಿಜವಾಗಿ ಬೇಕಾ?

ಹೊಸನಗರದ_ಹೊಸಬ
ಶನಿವಾರ, ಸಂಜೆ 6:12

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯಲ್ಲೇ ಕೂತು ವೆಬ್‌ಸೈಟ್ ಕೆಲಸ ಮಾಡುತ್ತಿದ್ದೇನೆ. ಈಗ ನಮ್ಮ ಕಡೆಯ ಒಂದು ಅಡಿಕೆ ಬೆಳೆಗಾರರ ಸಂಘದ ಸೈಟು ಕೈಗೆ ಬಂದಿದೆ. ಮುಖಪುಟದಲ್ಲಿ ಸಂಘದ ಸುದ್ದಿ, ರೋಗದ ಬಗ್ಗೆ ಸಲಹೆ, ಗೊಬ್ಬರ ಔಷಧಿ ದಾಸ್ತಾನು, ದಿನದ ಅಡಿಕೆ ದರ, ಇಷ್ಟು ಬರಬೇಕು. ಎಲ್ಲ ಕನ್ನಡದಲ್ಲಿ.

ಕಲಿತ ಹಾಗೆ ಸಿಎಸ್‌ಎಸ್ ಗ್ರಿಡ್‌ನಲ್ಲಿ (ಪುಟವನ್ನು ಸಾಲು, ಕಾಲಂ ಅಂತ ಭಾಗ ಮಾಡುವ ಕಾಣದ ಗೆರೆಗಳ ಚೌಕಟ್ಟು) 12 ಕಾಲಂ ಮಾಡಿ, ಮೂರು ಮೂರು ಸೇರಿಸಿ ನಾಲ್ಕು ಪೆಟ್ಟಿಗೆ ಮಾಡಿದೆ. ಲೊರೆಮ್ ಇಪ್ಸಮ್ ಅಂತ ಜಾಗ ತುಂಬಲು ಹಾಕುವ ಸುಳ್ಳು ಪಠ್ಯ ತುಂಬಿದಾಗ ಬಹಳ ಚೆಂದ ಇತ್ತು. ಕಾರ್ಯದರ್ಶಿಗಳು ಕಳಿಸಿದ ಕನ್ನಡ ಹಾಕಿದೆ ನೋಡಿ. ಎಲೆಚುಕ್ಕೆರೋಗನಿರ್ವಹಣಾಕಾರ್ಯಾಗಾರ ಅಂತ ಒಂದು ತಲೆಬರಹ. ಒಂದೇ ಪದ. ಪೆಟ್ಟಿಗೆ ದಾಟಿ ಪಕ್ಕದ ಗೊಬ್ಬರದ ಮೇಲೆ ಹೋಗಿ ಮಲಗಿತು. 12 ತೆಗೆದು ನಾಲ್ಕೇ ಕಾಲಂ ಮಾಡಿ ತಲಾ 1ಎಫ್‌ಆರ್, ಅಂದರೆ ಒಂದೊಂದು ಪಾಲು ಜಾಗ, ಕೊಟ್ಟೆ. ಆಗ ಆ ಕಾಲಂ ಊದಿಕೊಂಡು ಉಳಿದ ಮೂರು ಸಪೂರ ಆದವು. ಎಲ್ಲ ಸಮ ಅಂತ ಬರೆದಿದ್ದೇನೆ, ಆದರೂ ಸಮ ಇಲ್ಲ!

ಫೋನಿನಲ್ಲಿ ಎಲ್ಲ ಒಂದರ ಕೆಳಗೆ ಒಂದು ಬರುತ್ತದೆ, ದರ ಕೊನೆಗೆ ಹೋಗಿ ಬಿದ್ದಿದೆ. ಕಾರ್ಯದರ್ಶಿಗಳು ನೋಡಿ, ಇದೆಂತ ಮಾರಾಯ, ಔಷಧಿ ಅಂಗಡಿ ಕಪಾಟಿನ ಹಾಗೆ ಕಾಣುತ್ತದೆ ಅಂದರು.

ಕೇಳಬೇಕಾದ್ದು ಇಷ್ಟು. ಗ್ರಿಡ್ ನಿಜಕ್ಕೂ ಉಪಯೋಗದ್ದಾ, ಅಥವಾ ಕಲಿಸಿದ್ದಾರೆ ಅಂತ ಸುಮ್ನೆ ಹಾಕುತ್ತಿದ್ದೇವಾ?


ಅರ್ಧರಾತ್ರಿ_ಕೋಡ್
6:40

ಗಾಬರಿ ಬೇಡ ತಮ್ಮಾ. ಇದು ಎಲ್ಲರಿಗೂ ಒಮ್ಮೆ ಹತ್ತುವ ಉಂಬಳ.

ನೀನು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. 12 ಕಾಲಂನಲ್ಲಿ ಮೂರನ್ನು ಹಿಡಿದು ಕೂತ ಪೆಟ್ಟಿಗೆ ಒಳಗಿನ ಪದಕ್ಕಾಗಿ ಅಗಲ ಆಗುವುದಿಲ್ಲ. ಅದಕ್ಕೇ ಪದ ಹೊರಗೆ ಚಾಚಿತು. ನಾಲ್ಕೇ ಕಾಲಂ ಮಾಡಿದಾಗ ಆಗಿದ್ದು ಬೇರೆ. 1ಎಫ್‌ಆರ್ ಅಂದರೆ ಸಮಪಾಲು ಅಂತ ನಾವು ಅಂದುಕೊಳ್ಳುತ್ತೇವೆ. ಬ್ರೌಸರ್ ಅದನ್ನು ಮಿನ್‌ಮ್ಯಾಕ್ಸ್(ಆಟೋ, 1ಎಫ್‌ಆರ್) ಅಂತ ಓದುತ್ತದೆ, ಅಂದರೆ ಕನಿಷ್ಠ ಆಟೋ, ಗರಿಷ್ಠ ಒಂದು ಪಾಲು. ಆ ಆಟೋ ಇರುವ ತನಕ ಒಳಗಿನ ಅತಿ ಉದ್ದದ ಪದಕ್ಕಿಂತ ಕಾಲಂ ಕಿರಿದಾಗುವುದಿಲ್ಲ. ಇಂಗ್ಲಿಷಿನಲ್ಲಿ ಪದಗಳು ಗಿಡ್ಡ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಸಂಧಿ ಸಮಾಸ ಬಂದಾಗ ಬಂಡವಾಳ ಬಯಲಾಗುತ್ತದೆ.

ಮಿನ್‌ಮ್ಯಾಕ್ಸ್(0, 1ಎಫ್‌ಆರ್) ಅಂತ ಬರೆ. ಕಾಲಂಗಳು ಸಮ ಆಗುತ್ತವೆ. ಪದ ಮತ್ತೆ ಹೊರಗೆ ಚಾಚಬಾರದು ಅಂದರೆ ಉದ್ದ ಪದವನ್ನು ಒಡೆದು ಕೆಳಗಿನ ಸಾಲಿಗೆ ಇಳಿಸುವ ಓವರ್‌ಫ್ಲೋ-ರ‍್ಯಾಪ್ ಹಾಕು.

ಫೋನಿನಲ್ಲಿ ದರ ಮೇಲೆ ಬರಬೇಕಾದರೆ ಆ ಪೆಟ್ಟಿಗೆಗೆ ಆರ್ಡರ್ (ಕಾಣುವ ಕ್ರಮ) -1 ಕೊಡು. ಮುಗಿಯಿತು.


ಬೆಟ್ಟೆ_ರಾಶಿ
6:44

ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಅಂತ ಮೊದಲು ಹೇಳಿ, ಆಮೇಲೆ ಕಾಲಂ.


ಗ್ರಿಡ್_ಬೇಡ
7:03

ಕಾರ್ಯದರ್ಶಿಗಳಿಗೆ ನನ್ನ ನಮಸ್ಕಾರ ತಿಳಿಸಿ. ಕಪಾಟು ಅಂದದ್ದು ನೂರಕ್ಕೆ ನೂರು ಸರಿ.

ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಮೇಲೆ ಒಂದು ದೊಡ್ಡ ಫೋಟೋ, ಕೆಳಗೆ ಮೂರು ಡಬ್ಬ, ಡಬ್ಬಕ್ಕೊಂದು ಚಿಹ್ನೆ, ಚಿಹ್ನೆ ಕೆಳಗೆ ಎರಡು ಸಾಲು. ಹೋಂಸ್ಟೇ ಸೈಟೂ ಅದೇ, ಹಲ್ಲಿನ ಡಾಕ್ಟರ ಸೈಟೂ ಅದೇ, ಮಠದ ಸೈಟೂ ಅದೇ. ಫೋಟೋ ತೆಗೆದರೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ. 12 ಕಾಲಂ ಬಂದ ಮೇಲೆ ಯೋಚನೆ ಮಾಡುವವರೇ ಇಲ್ಲ. ನಾಲ್ಕು ನಾಲ್ಕು ನಾಲ್ಕು, ಆಯಿತು, ಬಿಲ್ ಕಳಿಸಿ.

ಅಷ್ಟಕ್ಕೂ ಅಡಿಕೆ ಬೆಳೆಗಾರ ನೋಡುವುದು ಫೋನಿನಲ್ಲಿ. ಫೋನಿನಲ್ಲಿ ಇರುವುದು ಒಂದೇ ಕಾಲಂ. ಒಂದೇ ಕಾಲಂಗೆ ಎಂತ ಗ್ರಿಡ್ಡು?


ಪಿಕ್ಸೆಲ್_ಪದ್ದಿ
7:21

@ಗ್ರಿಡ್_ಬೇಡ ಎಲ್ಲರ ಮನೆ ಸಾರೂ ಒಂದೇ ರುಚಿ ಬಂದರೆ ತಪ್ಪು ಪುಡಿಯ ಪ್ಯಾಕೆಟ್ಟಿನದ್ದು, ಪಾತ್ರೆದಲ್ಲ. ಸಿದ್ಧ ಟೆಂಪ್ಲೇಟ್ ಬೇರೆ, ಗ್ರಿಡ್ ಬೇರೆ. ಎರಡನ್ನೂ ಒಂದೇ ಅಂತ ಬೈಯಬೇಡಿ.

12 ಯಾಕೆ ಬಂತು? ಅದನ್ನು 2, 3, 4, 6 ಎಲ್ಲದರಿಂದ ಭಾಗಿಸಬಹುದು ಅಂತ, ಅಷ್ಟೇ. ಅದೇನು ಶಾಸ್ತ್ರ ಅಲ್ಲ. ನೂರಾರು ಪುಟ, ಹತ್ತು ಜನ ಡಿಸೈನರು ಇರುವ ಕಡೆ 12 ಉಪಯೋಗಕ್ಕೆ ಬರುತ್ತದೆ, ಏಕೆಂದರೆ ನಾಳೆ ಯಾವ ಪುಟ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ಸಂಘದ ಆರು ಪುಟಕ್ಕೆ 12 ಗೆರೆ ಹಾಕಿಕೊಂಡು ಕೂರುವುದು ಸುಮ್ನೆ ಭಾರ.

@ಹೊಸನಗರದ_ಹೊಸಬ ನಿಮಗೆ ಒಂದೇ ಪ್ರಶ್ನೆ. ನಾಲ್ಕು ಪೆಟ್ಟಿಗೆ ಸಮ ಇರಬೇಕು ಅಂತ ಯಾರು ಹೇಳಿದ್ದು? ಬೆಳಿಗ್ಗೆ ಸೈಟು ತೆಗೆಯುವವರು ದರ ನೋಡಲು ತೆಗೆಯುತ್ತಾರೆ. ಮಳೆಗಾಲದಲ್ಲಿ ಕೊಳೆರೋಗದ ಸಲಹೆ ನೋಡಬಹುದು. ಗೊಬ್ಬರದ ದಾಸ್ತಾನು ವಾರಕ್ಕೊಮ್ಮೆ. ಇವೆಲ್ಲ ಒಂದೇ ಅಗಲ ಯಾಕೆ? ನೀವು ಪಠ್ಯ ಬರುವ ಮೊದಲೇ ಗ್ರಿಡ್ ಹಾಕಿದ್ದೀರಿ. ಮದುಮಗನ ಅಳತೆ ತೆಗೆಯದೆ ಕೋಟು ಹೊಲಿದ ಹಾಗೆ ಆಯಿತು.


ಹೊಸನಗರದ_ಹೊಸಬ
7:30

ಅಕ್ಕಾ, ಕೋರ್ಸಿನಲ್ಲಿ ಹೇಳಿದ್ದೇ ಹಾಗೆ. ಮೊದಲು ಗ್ರಿಡ್, ಆಮೇಲೆ ಪೆಟ್ಟಿಗೆ, ಕೊನೆಗೆ ಅಕ್ಷರ.

@ಅರ್ಧರಾತ್ರಿ_ಕೋಡ್ ಅಣ್ಣಾ, ಸೊನ್ನೆ ಹಾಕಿದೆ. ಕಾಲಂ ಸಮ ಆದವು. ಆದರೆ ಪದ ಈಗ "ಎಲೆಚುಕ್ಕೆರೋಗನಿರ್ವಹ" ಒಂದು ಸಾಲು, "ಣಾಕಾರ್ಯಾಗಾರ" ಇನ್ನೊಂದು ಸಾಲು.


ಬೆಟ್ಟೆ_ರಾಶಿ
7:32

ಣಾಕಾರ್ಯಾಗಾರ 😂 ನಾನು ಬರುತ್ತೇನೆ ಆ ಕಾರ್ಯಾಗಾರಕ್ಕೆ.


ಅರ್ಧರಾತ್ರಿ_ಕೋಡ್
7:38

ಬ್ರೌಸರ್‌ಗೆ ಎಲ್ಲಿ ಒಡೆಯಬೇಕು ಅಂತ ಗೊತ್ತಿಲ್ಲ, ಜಾಗ ಮುಗಿದಲ್ಲಿ ಕತ್ತರಿಸುತ್ತದೆ. ಪದದ ಒಳಗೆ ಸಾಫ್ಟ್ ಹೈಫನ್ ಇಟ್ಟರೆ ಬೇಕಾದಾಗ ಅಲ್ಲೇ ಒಡೆಯುತ್ತದೆ, ಬೇಡದಾಗ ಕಾಣುವುದಿಲ್ಲ. ಪುಟದ ಭಾಷೆ ಕನ್ನಡ ಅಂತ ಲ್ಯಾಂಗ್‌ನಲ್ಲಿ ಘೋಷಿಸಿದ್ದೀಯಾ? ಇಲ್ಲದಿದ್ದರೆ ತಾನಾಗಿ ಹೈಫನ್ ಹಾಕುವ ಬ್ರೌಸರ್ ಕೂಡ ಏನೂ ಮಾಡುವುದಿಲ್ಲ.


ಮೊಳೆ_ಜೋಡಿಸಿದವ
8:05

ನನಗೆ ಕೋಡು ಗೊತ್ತಿಲ್ಲ. ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿ ಅಚ್ಚುಮೊಳೆ ಜೋಡಿಸಿ ಬದುಕಿದವನು. ಆಫ್‌ಸೆಟ್ ಬಂದ ಮೇಲೆ ಬಿಟ್ಟೆ.

ನೀವು ಎಫ್‌ಆರ್, ಪಿಕ್ಸೆಲ್ ಅನ್ನುತ್ತೀರಿ. ನಮ್ಮದು ಪಾಯಿಂಟು, ಎಮ್ಮು. 12 ಪಾಯಿಂಟಿಗೆ ಒಂದು ಎಮ್, ಆರು ಎಮ್ಮಿಗೆ ಹೆಚ್ಚುಕಡಿಮೆ ಒಂದು ಇಂಚು. ಕೈಯಲ್ಲಿ ಹಿಡಿಯುವ ಸ್ಟಿಕ್ಕನ್ನು ಮೊದಲು ಕಾಲಂ ಅಳತೆಗೆ ಬಿಗಿ ಮಾಡುವುದು. ಆಮೇಲೆ ಒಂದೊಂದೇ ಮೊಳೆ. ಸಾಲು ಅಳತೆಗಿಂತ ಉದ್ದ ಆದರೆ ಸ್ಟಿಕ್ಕಿನಲ್ಲಿ ಕೂರುವುದೇ ಇಲ್ಲ. ಗಿಡ್ಡ ಆದರೆ ಸಂದಿಗೆ ಸೀಸದ ತುಂಡು ತುಂಬಬೇಕು, ಇಲ್ಲದಿದ್ದರೆ ಫ್ರೇಮು ಎತ್ತುವಾಗ ಮೊಳೆ ಉದುರಿ ನೆಲಕ್ಕೆ. ಒಮ್ಮೆ ನನ್ನ ಕೈಯಿಂದ ಒಂದು ಇಡೀ ಲಗ್ನಪತ್ರಿಕೆ ಹಾಗೆ ಉದುರಿದೆ. ಹುಡುಗಿಯ ಹೆಸರು, ಹುಡುಗನ ಹೆಸರು, ಛತ್ರ, ಎಲ್ಲ ಕಲಸಿ ಮೊಸರವಲಕ್ಕಿ. ಮಧ್ಯಾಹ್ನ ಊಟ ಬಿಟ್ಟು ಮತ್ತೆ ಜೋಡಿಸಿದೆ.

ಹಾಗಾಗಿ ಗ್ರಿಡ್ ಬೇಕಾ ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಗ್ರಿಡ್ ಇಲ್ಲದಿದ್ದರೆ ಪುಟ ಅನ್ನುವುದೇ ನಿಲ್ಲುತ್ತಿರಲಿಲ್ಲ. ಆದರೆ ಒಂದು ಮಾತು. ಆ ಅಳತೆ ಮೊದಲೇ ಗೊತ್ತಿರುತ್ತಿತ್ತು ಅಂತ ತಲೆಬರಹ ಬರೆಯುವವರೂ ಅದಕ್ಕೆ ತಕ್ಕ ಹಾಗೆ ಬರೆಯುತ್ತಿದ್ದರು. ಉದ್ದ ಆದರೆ ಎದ್ದು ಹೋಗಿ, ಸ್ವಾಮಿ ಇದು ಕೂರುವುದಿಲ್ಲ, ಎರಡು ಅಕ್ಷರ ಕಡಿಮೆ ಮಾಡಿ ಅಂತ ಹೇಳುತ್ತಿದ್ದೆವು.

ಎಲೆಚುಕ್ಕೆ ರೋಗ: ತಡೆಯುವುದು ಹೇಗೆ? ಹೀಗೆ ಬಿಡಿಸಿ ಬರೆದರೆ ನಿಮ್ಮ ಯಂತ್ರಕ್ಕೆ ಯಾವ ಸೊನ್ನೆಯೂ ಬೇಡ. ಓದುವವನಿಗೂ ಸುಲಭ.


ಪಿಕ್ಸೆಲ್_ಪದ್ದಿ
8:09

ಸರ್, ನಿಮ್ಮ ಕೊನೆಯ ಸಾಲಿಗೆ ಕಾಲಿಗೆ ಬಿದ್ದೆ.


ತುಂಗಾತೀರದ_ಮೇಷ್ಟ್ರು
8:34

ಪಾಲಿಟೆಕ್ನಿಕ್‌ನಲ್ಲಿ ಇದನ್ನೇ ಪಾಠ ಮಾಡುವವನು. ಸ್ವಲ್ಪ ಹಿಂದಿನ ಕಥೆ ಹೇಳಿದರೆ ಗ್ರಿಡ್ ಯಾಕೆ ಈ ಅವತಾರಕ್ಕೆ ಬಂತು ಅಂತ ಗೊತ್ತಾಗುತ್ತದೆ.

ಅಚ್ಚಿನವರು ಅದನ್ನು ಶಾಸ್ತ್ರದ ಹಾಗೆ ಬೆಳೆಸಿದ್ದು ಇಪ್ಪತ್ತನೇ ಶತಮಾನದಲ್ಲಿ. ಸ್ವಿಟ್ಜರ್ಲೆಂಡಿನ ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ 1981ರಲ್ಲಿ ಗ್ರಿಡ್ ಬಗ್ಗೆಯೇ ಇಡೀ ಪುಸ್ತಕ ತಂದರು. ಅವರಿಗೆ ಕಾಗದದ ಅಳತೆ ಗೊತ್ತಿತ್ತು. ವೆಬ್‌ನಲ್ಲಿ ಕಾಗದವೇ ಇಲ್ಲ. ಆರಂಭದಲ್ಲಿ ನಾವು ಟೇಬಲ್ ಒಳಗೆ ಟೇಬಲ್ ಇಟ್ಟು, ಜಾಗ ಬಿಡಲು ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರ ಹಿಗ್ಗಿಸಿ ಪುಟ ಕಟ್ಟುತ್ತಿದ್ದೆವು. ಆಮೇಲೆ ಫ್ಲೋಟ್. ಅದು ಇದ್ದದ್ದು ಚಿತ್ರದ ಸುತ್ತ ಅಕ್ಷರ ಹರಿಸಲು. ನಾವು ಅದರಿಂದ ಮನೆ ಕಟ್ಟಿದೆವು, ಸೋರುತ್ತಿತ್ತು.

2007ರಲ್ಲಿ ಬ್ಲೂಪ್ರಿಂಟ್ ಅನ್ನುವ ಸಿದ್ಧ ಗ್ರಿಡ್ ಕೋಡು ಬಂತು, 24 ಕಾಲಂ, 950 ಪಿಕ್ಸೆಲ್. ಮರುವರ್ಷ ನೇಥನ್ ಸ್ಮಿತ್ ಅವರ 960 ಗ್ರಿಡ್. ಆಗ 1024 ಅಗಲದ ಪರದೆ ಜಾಸ್ತಿ, ಅದರಲ್ಲಿ 960 ಆರಾಮಾಗಿ ಕೂರುತ್ತಿತ್ತು. 60 ಪಿಕ್ಸೆಲ್‌ನ 12 ಕಾಲಂ, ನಡುವೆ 20 ಸಂದು. 2009ರಲ್ಲಿ ವೆಬ್ ಡಿಸೈನರ್ ಈಥನ್ ಮಾರ್ಕಾಟ್ ಅವರು ಪಿಕ್ಸೆಲ್ ಬಿಡಿ, ಶೇಕಡಾ ಲೆಕ್ಕ ಹಾಕಿ ಅಂದರು. 960ರಲ್ಲಿ 300 ಅಂದರೆ ಶೇ. 31.25, ಪರದೆ ಹಿಗ್ಗಿದರೆ ಕಾಲಮ್ಮೂ ಹಿಗ್ಗಲಿ ಅಂತ. 2011ರಲ್ಲಿ ಟ್ವಿಟ್ಟರ್‌ನವರು ಬೂಟ್‌ಸ್ಟ್ರಾಪ್ ಅನ್ನುವ ಸಿದ್ಧ ಕೋಡು ಬಿಟ್ಟರು. ಮರುವರ್ಷ ಅದರ ಎರಡನೇ ಆವೃತ್ತಿಯಲ್ಲಿ 12 ಕಾಲಂ ಬಂತು, ಅಲ್ಲಿಂದ 12 ಅನ್ನುವುದು ಮಗ್ಗಿಯ ಹಾಗೆ ಎಲ್ಲರ ಬಾಯಿಗೆ ಬಂತು.

ಕೊನೆಗೆ 2017ರಲ್ಲಿ ಬ್ರೌಸರ್ ಒಳಗೇ ಗ್ರಿಡ್ ಬಂತು. ಅಂದರೆ 12 ಕಾಲಂ ಚೌಕಟ್ಟು ಇದ್ದದ್ದೇ ಬ್ರೌಸರ್‌ಗೆ ಗ್ರಿಡ್ ಬಾರದ ಕಾಲದ ಊರುಗೋಲಾಗಿ. ಕಾಲು ಸರಿಯಾದ ಮೇಲೂ ಊರುಗೋಲು ಹಿಡಿದು ಓಡಾಡುತ್ತಿದ್ದೇವೆ.


ಅರ್ಧರಾತ್ರಿ_ಕೋಡ್
8:41

ಮೇಷ್ಟ್ರೇ, ಸಣ್ಣ ತಿದ್ದುಪಡಿ. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಒಂದೇ ತಿಂಗಳಲ್ಲಿ ಕೊಟ್ಟವು, ಅದು ಸರಿ. ಆದರೆ ಮೊದಲು ಕೊಟ್ಟದ್ದು ಮೈಕ್ರೋಸಾಫ್ಟ್. 2012ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಲ್ಲೇ ಗ್ರಿಡ್‌ನ ಹಳೆಯ ರೂಪ ಇತ್ತು. ಎಲ್ಲರೂ ಬೈದ ಬ್ರೌಸರೇ ಐದು ವರ್ಷ ಮುಂದಿತ್ತು.


ತುಂಗಾತೀರದ_ಮೇಷ್ಟ್ರು
8:43

ಒಪ್ಪಿದೆ. ಆದರೆ ಅದನ್ನು ಬಳಸಿ ಪುಟ ಕಟ್ಟಿದವರನ್ನು ನಾನು ಕಂಡಿಲ್ಲ.


ಬೆಟ್ಟೆ_ರಾಶಿ
8:58

ಕರೆಂಟು ಹೋಗಿತ್ತು, ಈಗ ಬಂತು. ಪೂರ್ತಿ ಓದಿದೆ. ನನ್ನದೂ ಒಂದು ಗ್ರಿಡ್ ಇದೆ, ಕೇಳಿ.

ಅಪ್ಪ ಹೊಸ ತೋಟ ಹಾಕುವಾಗ ಹಗ್ಗ ಹಿಡಿದು ಒಂಬತ್ತು ಅಡಿಗೊಂದು ಗೂಟ ಹೊಡೆಸಿದರು. ಉದ್ದಕ್ಕೂ ಒಂಬತ್ತು, ಅಡ್ಡಕ್ಕೂ ಒಂಬತ್ತು. ಎರಡು ಸಾಲಿಗೊಂದು ಬಸಿಗಾಲುವೆ. ನನಗೆ ಆಗ ಹದಿನಾಲ್ಕು. ಇಷ್ಟು ಜಾಗ ಯಾಕೆ ಬಿಡುವುದು, ನಡುವೆ ಇನ್ನೊಂದು ಸಾಲು ಹಾಕಬಹುದಲ್ಲ ಅಂದೆ. ಅಪ್ಪ ಏನೂ ಹೇಳಲಿಲ್ಲ. ಕೆಳಗಿನ ಒಂದು ಮೂಲೆ ನನಗೇ ಬಿಟ್ಟರು. ಆರು ಅಡಿಗೊಂದು ನೆಟ್ಟೆ. ಈಗ ಆ ಮೂಲೆಯ ಮರಗಳು ಬೆಳಕು ಹುಡುಕಿಕೊಂಡು ಸಪೂರ ಬೆಳೆದಿವೆ, ಕೊನೆ (ಅಡಿಕೆ ಗೊನೆ) ಸಣ್ಣ, ಮಳೆಗಾಲ ಬಂದರೆ ಕೊಳೆ ಮೊದಲು ಹಿಡಿಯುವುದೇ ಅಲ್ಲಿ.

ನಿಮ್ಮ ಕಾಲಂ ನಡುವಿನ ಸಂದನ್ನು ನೋಡಿದಾಗ ನೆನಪಾಯಿತು. ಬಸಿಗಾಲುವೆಯಲ್ಲಿ ಒಂದು ಮರವೂ ಇಲ್ಲ. ಆದರೆ ಅದನ್ನು ಮುಚ್ಚಿದರೆ ತೋಟ ಉಳಿಯುವುದಿಲ್ಲ.


ಪಿಕ್ಸೆಲ್_ಪದ್ದಿ
9:02

ಸಂದು ಬಿಡುವುದರ ಬಗ್ಗೆ ಕ್ಲೈಂಟ್‌ಗಳಿಗೆ ಇನ್ನು ಮೇಲೆ ಇದನ್ನೇ ಹೇಳುತ್ತೇನೆ. ಎಲ್ಲರೂ ಕೇಳುವುದು ಒಂದೇ, ಇಲ್ಲಿ ಖಾಲಿ ಇದೆಯಲ್ಲ, ಏನಾದರೂ ಹಾಕಿ ಅಂತ.


ಗ್ರಿಡ್_ಬೇಡ
9:10

ತೋಟದ ಮಾತು ಎತ್ತಿದ್ದಕ್ಕೆ ಕೇಳುತ್ತೇನೆ. ನಮ್ಮ ಅಜ್ಜನ ತೋಟ ಕಣಿವೆಯಲ್ಲಿದೆ. ಅಲ್ಲಿ ಹಗ್ಗ ಹಿಡಿದರೆ ಗೂಟ ಹಳ್ಳಕ್ಕೆ ಹೋಗುತ್ತದೆ. ನೆಲ ಹೇಗೆ ತಿರುಗುತ್ತದೋ ಹಾಗೆ ಸಾಲು. ಗ್ರಿಡ್ ಇಲ್ಲ, ಆದರೂ ಚೆನ್ನಾಗಿದೆ. ಅದಕ್ಕೆ ಏನನ್ನುತ್ತೀರಿ?


ಬೆಟ್ಟೆ_ರಾಶಿ
9:13

ಸಾಲು ತಿರುಗಲಿ. ಮರದಿಂದ ಮರಕ್ಕೆ ಎಷ್ಟು ಅಂತ ಅಳೆದು ನೋಡಿ ಬನ್ನಿ. ಅಜ್ಜ ಲೆಕ್ಕ ಇಲ್ಲದೆ ನೆಟ್ಟಿರಲಿಕ್ಕಿಲ್ಲ.


ಸೊರಬದ_ಸೋಮಾರಿ
9:15

ಒಂಬತ್ತು ಅಡಿ ಅಂದರೆ ಎಕರೆಗೆ 537 ಮರ. ನನಗೆ ಯಾವತ್ತೂ ಅಷ್ಟು ಸಿಕ್ಕಿಲ್ಲ.


ಬೆಟ್ಟೆ_ರಾಶಿ
9:17

ಅದು ಕಾಗದದ ಲೆಕ್ಕ ಮಾರಾಯ್ರೆ. ದಾರಿ, ಕಾಲುವೆ, ಬಾವಿ ಯಾರ ಜಾಗದಲ್ಲಿ? ಅಂದಹಾಗೆ ನಿಮ್ಮ ಕಡೆ ಎಲೆಚುಕ್ಕೆ ಹೇಗಿದೆ? ನಮ್ಮಲ್ಲಿ ಮೇಲಿನ ತೋಟ ಪೂರ್ತಿ ಹಳದಿ.


ಸೊರಬದ_ಸೋಮಾರಿ
9:19

ಇಲ್ಲೂ ಶುರು ಆಗಿದೆ. ಬೋರ್ಡೋ ದ್ರಾವಣ ಹೊಡೆಯುವವರು ಸಿಗುತ್ತಿಲ್ಲ.


ನಿರ್ವಾಹಕ
9:25

ತೋಟದ ಮಾತಿಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಗ್ರಿಡ್.


ಕಿವಿಯಲ್ಲಿ_ಓದುವವ
9:48

ನನಗೆ ಕಣ್ಣು ಕಾಣುವುದಿಲ್ಲ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಫೋನ್ ಬಳಸುತ್ತೇನೆ. ಹಾಗಾಗಿ ನಿಮ್ಮ ಕಾಲಂ ನಾಲ್ಕಿರಲಿ, ನಲವತ್ತಿರಲಿ, ನನಗೆ ಕೇಳಿಸುವುದು ಒಂದೇ ಸಾಲು. @ಅರ್ಧರಾತ್ರಿ_ಕೋಡ್ ಹೇಳಿದ ಆರ್ಡರ್ -1 ಬಗ್ಗೆ ಹೇಳಬೇಕಿತ್ತು. ಅದು ಕಣ್ಣಿಗೆ ಮಾತ್ರ ಮೇಲೆ ತರುತ್ತದೆ. ಓದುವ ತಂತ್ರಾಂಶ ಹೋಗುವುದು ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮದಲ್ಲಿ. ಪರದೆಯಲ್ಲಿ ದರ ಮೊದಲು ಕಾಣುತ್ತಿದ್ದರೂ ನಾನು ಸುದ್ದಿ, ರೋಗ, ಗೊಬ್ಬರ ಎಲ್ಲ ಕೇಳಿ ಮುಗಿಸಿಯೇ ದರಕ್ಕೆ ಬರಬೇಕು. ಕೀಬೋರ್ಡಿನಲ್ಲಿ ಟ್ಯಾಬ್ ಒತ್ತುವವರಿಗೂ ಇದೇ ಪಾಡು.

ಇನ್ನೊಂದು. ದರಪಟ್ಟಿಯನ್ನು ದಯವಿಟ್ಟು ಗ್ರಿಡ್‌ನಲ್ಲಿ ಬಿಡಿ ಬಿಡಿ ಪೆಟ್ಟಿಗೆಯಾಗಿ ಮಾಡಬೇಡಿ. ಅದು ಟೇಬಲ್ಲೇ ಆಗಿರಲಿ. ತಲೆಸಾಲು ಸರಿಯಾಗಿ ಗುರುತಿಸಿದ ಟೇಬಲ್ ಆದರೆ "ರಾಶಿ, ಗರಿಷ್ಠ" ಅಂತ ಹೇಳಿ ಆಮೇಲೆ ಅಂಕಿ ಹೇಳಿಸಬಹುದು. ಬಿಡಿ ಪೆಟ್ಟಿಗೆ ಆದರೆ ಹನ್ನೆರಡು ಅಂಕಿ ಸಾಲಾಗಿ ಕೇಳಿಸುತ್ತವೆ. ಯಾವುದು ಬೆಟ್ಟೆ ಅಡಿಕೆ, ಯಾವುದು ಗೊರಬಲು ಅಡಿಕೆ ಅಂತ ನಾನು ಬೆರಳು ಮಡಚಿ ಎಣಿಸಬೇಕು. ಒಂದು ಕಡೆ ಹಾಗೆ ಎಣಿಸಿ ತಪ್ಪಿ, ಚಿಕ್ಕಪ್ಪನಿಗೆ ಗೊರಬಲಿನ ದರವನ್ನೇ ರಾಶಿ ದರ ಅಂತ ಹೇಳಿಬಿಟ್ಟೆ. ಅವರು ಅವತ್ತು ಊಟ ಮಾಡಲಿಲ್ಲ.


ಅರ್ಧರಾತ್ರಿ_ಕೋಡ್
9:55

ಕ್ಷಮಿಸಿ ಸರ್. ನನ್ನದೇ ತಪ್ಪು. @ಹೊಸನಗರದ_ಹೊಸಬ ಆರ್ಡರ್ ಬೇಡ, ಎಚ್‌ಟಿಎಂಎಲ್‌ನಲ್ಲೇ ದರ ಮೊದಲು ಬರೆ. ದೊಡ್ಡ ಪರದೆಯಲ್ಲಿ ಎಡಕ್ಕೋ ಬಲಕ್ಕೋ ಅಂತ ಗ್ರಿಡ್‌ನಲ್ಲಿ ಆಮೇಲೆ ನೋಡು.


ತುಂಗಾತೀರದ_ಮೇಷ್ಟ್ರು
10:02

ಟೇಬಲ್ ಕೆಟ್ಟದ್ದು ಅಂತ ನಾವೇ ಹದಿನೈದು ವರ್ಷ ಕಲಿಸಿದ್ದೇವೆ. ಮಕ್ಕಳು ಈಗ ನಿಜವಾದ ಪಟ್ಟಿ ಬಂದಾಗಲೂ ಟೇಬಲ್ ಮುಟ್ಟುವುದಿಲ್ಲ. ಪುಟ ಕಟ್ಟಲು ಬೇಡ ಅಂದದ್ದು, ಪಟ್ಟಿ ಬರೆಯಲು ಬೇಡ ಅಂದದ್ದಲ್ಲ.


ಸಾಗರದ_ಸಾವಿತ್ರಿ
10:10

ನಾನು ಹಸೆ ಚಿತ್ತಾರ ಬರೆಯುವವಳು. ನಮ್ಮಲ್ಲಿಯೂ ಮೊದಲು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಗೆರೆಯ ಚೌಕಟ್ಟು, ಆಮೇಲೆ ಒಳಗೆ ತುಂಬುವುದು. ಪುಂಡಿನಾರಿನ ಕುಂಚ ಇಟ್ಟರೆ ಅಳಿಸಲು ಆಗುವುದಿಲ್ಲ. ಸ್ಕೇಲು ಯಾರೂ ಹಿಡಿಯುವುದಿಲ್ಲ, ಗೋಡೆಯ ಬಾಗಿಲು ಕಿಟಕಿ ನೋಡಿಕೊಂಡು ಚೌಕಟ್ಟು. ಗೋಡೆ ನೋಡದೆ ಮನೆಯಲ್ಲೇ ಚೌಕಟ್ಟು ನಿರ್ಧಾರ ಮಾಡಿಕೊಂಡು ಹೋದವರು ಕಿಟಕಿ ಹತ್ತಿರ ಸಿಕ್ಕಿಬೀಳುತ್ತಾರೆ.


ಗ್ರಿಡ್_ಬೇಡ
10:14

ತೋಟ ಆಯಿತು, ಚಿತ್ತಾರ ಆಯಿತು, ಮೊಳೆ ಆಯಿತು. ಇನ್ನು ಯಾರಾದರೂ ಚುಕ್ಕಿ ರಂಗೋಲಿ ತಂದರೆ ನಾನು ಹೊರಡುತ್ತೇನೆ. ಹೋಲಿಕೆ ಬಿಟ್ಟು ನನ್ನ ಪ್ರಶ್ನೆಗೆ ಉತ್ತರ ಕೊಡಿ. ಫೋನಿನಲ್ಲಿ ಒಂದೇ ಕಾಲಂ. ಗ್ರಿಡ್ ಯಾಕೆ?


ಪಿಕ್ಸೆಲ್_ಪದ್ದಿ
10:31

ಕೊಡುತ್ತೇನೆ. ಒಂದು, ಫೋನಿನಲ್ಲೂ ಎಡ ಅಂಚು ಅಂತ ಒಂದಿದೆ. ತಲೆಬರಹ 16 ಪಿಕ್ಸೆಲ್ ಒಳಗೆ, ಟೇಬಲ್ 12 ಒಳಗೆ, ಬಟನ್ 20 ಒಳಗೆ ಶುರುವಾದರೆ ಪುಟ ಹಲ್ಲು ಉದುರಿದ ಬಾಚಣಿಗೆ ಹಾಗೆ ಕಾಣುತ್ತದೆ. ಯಾಕೆ ಕೆಟ್ಟದಾಗಿದೆ ಅಂತ ನೋಡುವವರಿಗೆ ಹೇಳಲು ಬರುವುದಿಲ್ಲ, ಆದರೆ ನಂಬಿಕೆ ಹೋಗುತ್ತದೆ. ದರ ತೋರಿಸುವ ಸೈಟಿಗೆ ನಂಬಿಕೆ ಬೇಕಲ್ವಾ?

ಅದೇ ದರಪಟ್ಟಿ ನೋಡಿ. ಸಾಲಿನಲ್ಲಿ ಹಸ, ಬೆಟ್ಟೆ, ರಾಶಿ, ಗೊರಬಲು. ಮೇಲೆ ಕನಿಷ್ಠ, ಗರಿಷ್ಠ, ಮಾದರಿ. ಅಂಕಿಗಳನ್ನು ಬಲಕ್ಕೆ ಸರಿಸಿ, ಎಲ್ಲ ಅಂಕಿಗೂ ಒಂದೇ ಅಗಲ ಬರುವ ಹಾಗೆ ಟ್ಯಾಬ್ಯುಲರ್ ನಮ್ಸ್ ಹಾಕಿ. ಹತ್ತರ ಕೆಳಗೆ ಹತ್ತು, ನೂರರ ಕೆಳಗೆ ನೂರು ನಿಲ್ಲುತ್ತದೆ. ಓದದೆಯೇ ಯಾವುದು ಜಾಸ್ತಿ ಅಂತ ಕಾಣುತ್ತದೆ. ಫೋನಿನ ಆ ಒಂದೇ ಕಾಲಂ ಒಳಗೆ ನಾಲ್ಕು ಕಾಲಂ ಇದೆ ಸ್ವಾಮಿ.

ಎರಡು, ಸಂಘದ ಕೌಂಟರಿನಲ್ಲಿ ಫೋನ್ ಇಲ್ಲ, ದೊಡ್ಡ ಮಾನಿಟರ್ ಇದೆ. ಅಲ್ಲಿ ಒಂದೇ ಕಾಲಂ ಬಿಟ್ಟರೆ ಸಾಲು ಈ ಗೋಡೆಯಿಂದ ಆ ಗೋಡೆಗೆ. ಕೊನೆ ಮುಟ್ಟಿ ವಾಪಸ್ ಬರುವಾಗ ಕಣ್ಣಿಗೆ ಯಾವ ಸಾಲು ಅಂತ ಮರೆತಿರುತ್ತದೆ.

ಇದರಲ್ಲಿ ಕನ್ನಡದವರಿಗೇ ಬರುವ ಕಾಟ ಒಂದಿದೆ. ಸಾಲಿನ ಅಗಲಕ್ಕೆ 60ಸಿಎಚ್ ಹಾಕಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸಿಎಚ್ ಅಂದರೆ ಆ ಫಾಂಟಿನ ಸೊನ್ನೆ ಅಂಕಿಯ ಅಗಲ. ನಮ್ಮ ಅಕ್ಷರ ಅದಕ್ಕಿಂತ ಅಗಲ. 60 ಅಂತ ಬರೆದರೆ 60 ಅಕ್ಷರ ಬರುವುದೇ ಇಲ್ಲ. ನಾನು ಎಮ್‌ನಲ್ಲೇ (ವೆಬ್‌ನಲ್ಲಿ ಎಮ್ ಅಂದರೆ ಅಕ್ಷರದ ಗಾತ್ರ) ಹಾಕಿ, ನಿಜವಾದ ಒಂದು ಪ್ಯಾರಾ ಇಟ್ಟು, ಕಣ್ಣಲ್ಲಿ ನೋಡಿ ನಿಲ್ಲಿಸುತ್ತೇನೆ. ಸಾಲಿನ ಎತ್ತರವೂ ಅಷ್ಟೇ. ಇಂಗ್ಲಿಷಿಗೆ 1.4 ಸಾಕಾಗಬಹುದು. ನಮ್ಮಲ್ಲಿ "ರಾಷ್ಟ್ರೀಯ" ಅಂತ ಬರೆದರೆ ಒತ್ತಕ್ಷರ ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.7 ಹತ್ತಿರ ಇಟ್ಟರೆ ಉಸಿರಾಡುತ್ತದೆ.


ಮೊಳೆ_ಜೋಡಿಸಿದವ
10:40

ಒತ್ತಿಗೆ ಜಾಗ ಬಿಡದೆ ಜೋಡಿಸಿದರೆ ನಮ್ಮ ಫೋರ್‌ಮನ್ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಎರಡು ಸಾಲಿನ ನಡುವೆ ಸೀಸದ ಪಟ್ಟಿ ಇಡುವುದು ಅದಕ್ಕೇ.


ಗ್ರಿಡ್_ಬೇಡ
10:47

ಸರಿ, ಟೇಬಲ್ ಮಾತು ಒಪ್ಪಿದೆ. ಅಂಚಿನ ಮಾತೂ ಒಪ್ಪಿದೆ. ಆದರೆ ಮೂರು ಡಬ್ಬದ ಸೈಟಿಗೆ ನನ್ನ ವಿರೋಧ ಹಾಗೇ ಇದೆ, ಹೆಸರೂ ಬದಲಾಯಿಸುವುದಿಲ್ಲ.


ಅರ್ಧರಾತ್ರಿ_ಕೋಡ್
10:52

ಡಬ್ಬ ಬೇಕಾದ ಕಡೆ, ಉದಾಹರಣೆಗೆ ಸುದ್ದಿಯ ಪಟ್ಟಿಗೆ, ಎಷ್ಟು ಕಾಲಂ ಅಂತ ನಾವು ಹೇಳುವುದೇ ಬೇಡ. ಆಟೋ-ಫಿಟ್ ಹಾಕಿ, ಒಂದು ಡಬ್ಬ 16 ರೆಮ್‌ಗಿಂತ (ರೆಮ್ ಅಂದರೆ ಪುಟದ ಮೂಲ ಅಕ್ಷರದ ಗಾತ್ರ) ಸಣ್ಣ ಆಗಬಾರದು ಅಂತ ಮಾತ್ರ ಹೇಳು. ಜಾಗ ಇದ್ದಷ್ಟು ಕೂರುತ್ತವೆ, ಇಲ್ಲದಿದ್ದರೆ ಕೆಳಗೆ ಇಳಿಯುತ್ತವೆ. ಪರದೆಯ ಅಗಲಕ್ಕೊಂದು ನಿಯಮ ಬರೆಯುವ ಮೀಡಿಯಾ ಕ್ವೆರಿ ಒಂದೂ ಬೇಡ.

ಪಕ್ಕಪಕ್ಕದ ಡಬ್ಬಗಳ ತಲೆಬರಹ, ತಾರೀಖು ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ ಹೊರಗಿನ ಗ್ರಿಡ್ ಗೆರೆಗಳನ್ನೇ ಡಬ್ಬದ ಒಳಗೂ ಬಳಸುವ ಸಬ್‌ಗ್ರಿಡ್ ಇದೆ. ಫೈರ್‌ಫಾಕ್ಸ್‌ಗೆ 2019ರಲ್ಲೇ ಬಂದರೂ ಕ್ರೋಮ್‌ಗೆ ಬಂದದ್ದು 2023ರಲ್ಲಿ. ಹಳೆ ಫೋನಿನಲ್ಲಿ ಮಟ್ಟ ತಪ್ಪುತ್ತದೆ, ಅಷ್ಟೇ, ಪುಟ ಒಡೆಯುವುದಿಲ್ಲ.


ಹೊಸನಗರದ_ಹೊಸಬ
ಭಾನುವಾರ, ಮಧ್ಯಾಹ್ನ 3:20

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಎಲ್ಲ ಕಿತ್ತು ಮತ್ತೆ ಮಾಡಿದೆ. ಈ ಸಲ ಮೊದಲು ಕಾರ್ಯದರ್ಶಿಗಳು ಕಳಿಸಿದ ಪಠ್ಯವನ್ನೆಲ್ಲ ಕಾಗದದಲ್ಲಿ ಬರೆದು ಕತ್ತರಿಸಿ ನೆಲದ ಮೇಲೆ ಹರಡಿಕೊಂಡೆ. ಅಮ್ಮ ಎಂತ ಇಸ್ಪೀಟಾ ಅಂದರು.

12 ಹೋಯಿತು. ದೊಡ್ಡ ಪರದೆಯಲ್ಲಿ ಎರಡೇ ಕಾಲಂ. ಅಗಲದ್ದು ಎಡಕ್ಕೆ 2ಎಫ್‌ಆರ್, ಸಣ್ಣದು ಬಲಕ್ಕೆ 1ಎಫ್‌ಆರ್, ಎರಡಕ್ಕೂ ಕನಿಷ್ಠ ಸೊನ್ನೆ. ಎಡಕ್ಕೆ ದರದ ಟೇಬಲ್, ಅದರ ಕೆಳಗೆ ಸುದ್ದಿ. ಬಲಕ್ಕೆ ಸಲಹೆ ಮತ್ತು ದಾಸ್ತಾನು. ಎಚ್‌ಟಿಎಂಎಲ್‌ನಲ್ಲಿ ದರವೇ ಮೊದಲು, ಫೋನಿನಲ್ಲೂ ಅದೇ ಮೊದಲು. ಸಾಲಿನ ಎತ್ತರ 1.7. ತಲೆಬರಹ ಮೊಳೆ ಜೋಡಿಸಿದ ಅಜ್ಜ ಹೇಳಿದ ಹಾಗೆ ಬಿಡಿಸಿ ಬರೆದೆ. ಸಾಫ್ಟ್ ಹೈಫನ್ ಎಲ್ಲೂ ಬೇಕಾಗಲಿಲ್ಲ.

ಕಾರ್ಯದರ್ಶಿಗಳಿಗೆ ತೋರಿಸಿದೆ. ಕಪಾಟು ಅನ್ನಲಿಲ್ಲ. ಆದರೆ ಈಗ ದರವನ್ನು ಮೇಲೆ ಎಡದಿಂದ ಬಲಕ್ಕೆ ಓಡುವ ಹಾಗೆ ಮಾಡಿ, ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಓಡುತ್ತದಲ್ಲ ಹಾಗೆ ಅನ್ನುತ್ತಿದ್ದಾರೆ.


ಪಿಕ್ಸೆಲ್_ಪದ್ದಿ
3:24

ಬೇಡ. ಬೇಡ. ಬೇಡ.


ಕಿವಿಯಲ್ಲಿ_ಓದುವವ
3:31

ಟೇಬಲ್ ಉಳಿಸಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಓಡುವ ದರ ಬಂದರೆ ಚಿಕ್ಕಪ್ಪನ ಊಟದ ಜವಾಬ್ದಾರಿ ನಿನ್ನದು.


ಗ್ರಿಡ್_ಬೇಡ
3:33

ಓಡಲಿ ಬಿಡಿ. ಗ್ರಿಡ್‌ನಿಂದ ತಪ್ಪಿಸಿಕೊಂಡದ್ದು ಅದೊಂದೇ.


ತುಂಗಾತೀರದ_ಮೇಷ್ಟ್ರು
3:40

ಅಕ್ಷರ ಓಡಿಸುವ ಮಾರ್ಕೀ ಟ್ಯಾಗ್ ಬಳಸಬೇಡಿ ಅಂತ ಮಾನದಂಡದಲ್ಲೇ ಇದೆ ಅಂತ ಹೇಳಿ ನೋಡಿ. ಸರ್ಕಾರಿ ನಿಯಮದ ಹಾಗೆ ಕೇಳಿಸಿದರೆ ಒಪ್ಪಬಹುದು.


ಮೊಳೆ_ಜೋಡಿಸಿದವ
4:02

ನೀನು ಹಾಕಿದ ಚಿತ್ರ ಮಗ ದೊಡ್ಡದು ಮಾಡಿ ತೋರಿಸಿದ. ಚೆನ್ನಾಗಿದೆ ಮಗಾ, ಒತ್ತು ಎಲ್ಲೂ ತಾಗಿಲ್ಲ. ಒಂದು ಮಾತು. ಎಲೆಚುಕ್ಕೆ ರೋಗದ ಕಾರ್ಯಾಗಾರ ಅಂತ ಇದೆ. ಯಾವತ್ತು, ಎಲ್ಲಿ ಅಂತ ಎಲ್ಲೂ ಕಾಣಲಿಲ್ಲ.


ಹೊಸನಗರದ_ಹೊಸಬ
4:05

ಅಯ್ಯೋ. ಅವರು ಕಳಿಸಿದ್ದರಲ್ಲೇ ಇರಲಿಲ್ಲ. ಈಗಲೇ ಫೋನ್ ಮಾಡುತ್ತೇನೆ.


ಬೆಟ್ಟೆ_ರಾಶಿ
4:06

ಬೆಳಿಗ್ಗೆ ಆದರೆ ನಾನಿಲ್ಲ, ಕೊನೆ ತೆಗೆಯುವವರು ಬರುತ್ತಾರೆ. ಮಧ್ಯಾಹ್ನ ಇಟ್ಟುಕೊಳ್ಳಲು ಹೇಳಿ.